ಸಾಫ್ಟ್‌ವೇರ್‌ನಲ್ಲಿ ಬಂದ ಹೊಸ ಗುಂಡಿಗಳನ್ನೆಲ್ಲ ಒತ್ತಬೇಕೆ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಮನೆಯಲ್ಲೇ ಶುರುವಾಗಿ ಈಗ ಹನ್ನೆರಡು ಜನ ಕೆಲಸ ಮಾಡುವ ಉಪ್ಪಿನಕಾಯಿ ಘಟಕ. ಅಪ್ಪೆಮಿಡಿ, ಹಲಸಿನ ಹಪ್ಪಳ, ಜೋನಿ ಬೆಲ್ಲ ಮಾರುತ್ತೇವೆ. ಗ್ರಾಹಕರು ಹೆಚ್ಚಿನವರು ಬೆಂಗಳೂರಿನವರು, ಒಂದಷ್ಟು ಮಂದಿ ಅಮೆರಿಕ, ಕೆನಡಾದಲ್ಲಿದ್ದಾರೆ. 14,000 ಈಮೇಲ್ ವಿಳಾಸ, 9,000 ವಾಟ್ಸ್‌ಆ್ಯಪ್ ನಂಬರ್ ಇವೆ. ಮೂರು ವರ್ಷದಿಂದ ಪ್ರಚಾರದ ಸಂದೇಶಗಳನ್ನು ತಾನಾಗಿ ಕಳಿಸುವ ಒಂದು ಮಾರ್ಕೆಟಿಂಗ್ ಆಟೊಮೇಷನ್ ಸಾಫ್ಟ್‌ವೇರ್ ಬಳಸುತ್ತಿದ್ದೇವೆ, ಈಮೇಲ್ ಹೋಗುವುದು ನಮ್ಮ ಹಳೆಯ ಜಿಮೇಲ್ ವಿಳಾಸದ ಹೆಸರಿನಲ್ಲೇ. ಈಚಿನ ಅಪ್‌ಡೇಟ್‌ನಲ್ಲಿ ಎಐ ಬರವಣಿಗೆ, ಪ್ರತಿಯೊಬ್ಬರಿಗೂ ತಕ್ಕ ಸಮಯಕ್ಕೆ ಕಳಿಸುವುದು, ಯಾರು ಕೊಳ್ಳುತ್ತಾರೆಂಬ ಊಹೆ, ಹೊಸ ಜರ್ನಿ ಬಿಲ್ಡರ್ (ಯಾರಿಗೆ, ಯಾವಾಗ, ಯಾವ ಸಂದೇಶ ಹೋಗಬೇಕೆಂಬ ಸರಪಳಿ ಹೆಣೆಯುವ ಸಾಧನ) ಎಲ್ಲ ಬಂದಿವೆ. ಪೂರ್ತಿ ಪಟ್ಟಿಯನ್ನು ಪತ್ರದ ಜೊತೆ ಅಂಟಿಸಿದ್ದೇನೆ. ಮಗ ಎಲ್ಲ ಆನ್ ಮಾಡೋಣ, ದೊಡ್ಡ ಪ್ಲಾನ್ ತಗೊಳ್ಳೋಣ ಎನ್ನುತ್ತಾನೆ. ಅಪ್‌ಡೇಟ್ ಆದ ಮೇಲೆ ಓಪನ್ ರೇಟ್ (ಈಮೇಲ್ ತೆರೆದವರ ಪ್ರಮಾಣ) ಶೇ. 22ರಿಂದ 41ಕ್ಕೆ ಏರಿದೆ, ಆದರೆ ಆರ್ಡರ್ ಒಂದೂ ಹೆಚ್ಚಾಗಿಲ್ಲ. ಅಮೆರಿಕದವರಿಗೆ ವಾಟ್ಸ್‌ಆ್ಯಪ್ ಹೋಗುತ್ತಲೇ ಇಲ್ಲ. ಏನು ಮಾಡಲಿ?

ಉತ್ತರ: ಮಗನಿಗೆ ಸ್ವಲ್ಪ ತಾಳು ಅನ್ನಿ. ಆತ ಹೇಳುವುದು ಪೂರ್ತಿ ತಪ್ಪೇನಲ್ಲ, ಆದರೆ ಆತ ಪಟ್ಟಿಯನ್ನು ಮೇಲಿನಿಂದ ಓದಿದ್ದಾನೆ. ಇಂಥ ಅಪ್‌ಡೇಟ್ ಪಟ್ಟಿಗಳನ್ನು ಕೆಳಗಿನಿಂದ ಓದಬೇಕು. ಮೇಲಿನ ನಾಲ್ಕು ಸಾಲನ್ನು ಮಾರಾಟ ವಿಭಾಗದವರು ಬರೆದಿರುತ್ತಾರೆ. ಕೊನೆಯ ಎರಡು ಸಾಲನ್ನು ಎಂಜಿನಿಯರುಗಳು, ಅದೂ ಬೇರೆ ಯಾರೋ ಒತ್ತಾಯಿಸಿದ್ದರಿಂದ. ನೀವು ಅಂಟಿಸಿದ ಪಟ್ಟಿಯ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿದೆ: ‘ಡೊಮೈನ್ ದೃಢೀಕರಣ ಕಡ್ಡಾಯ, ಒಂದು ಕ್ಲಿಕ್ ಅನ್‌ಸಬ್‌ಸ್ಕ್ರೈಬ್ ಸೇರಿಸಲಾಗಿದೆ.’ ನಿಮ್ಮ ಪ್ರಶ್ನೆಯಲ್ಲಿ ಇದರ ಸುದ್ದಿಯೇ ಇಲ್ಲ. ನಾನು ಇಲ್ಲಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ಮನೆಗೆ ಬೆಂಕಿ ಬೀಳಬಹುದಾದ ಜಾಗ ಇದೊಂದೇ.

2023ರ ಅಕ್ಟೋಬರ್‌ನಲ್ಲಿ ಗೂಗಲ್ ಮತ್ತು ಯಾಹೂ ಒಂದು ನಿಯಮ ಪ್ರಕಟಿಸಿ 2024ರ ಫೆಬ್ರುವರಿಯಿಂದ ಜಾರಿಗೆ ತಂದವು. ದಿನಕ್ಕೆ 5,000ಕ್ಕಿಂತ ಹೆಚ್ಚು ಈಮೇಲನ್ನು ಜಿಮೇಲ್ ವಿಳಾಸಗಳಿಗೆ ಕಳಿಸುವವರು ತಮ್ಮ ಸ್ವಂತ ಡೊಮೈನಿಗೆ, ಅಂದರೆ ವೆಬ್‌ಸೈಟಿನ ಹೆಸರಿಗೆ, ಪತ್ರ ನಿಜಕ್ಕೂ ತಮ್ಮದೇ ಎಂದು ಸಾಬೀತು ಮಾಡುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳನ್ನು ಹಾಕಿರಬೇಕು. ಪ್ರಚಾರದ ಈಮೇಲ್‌ಗಳಲ್ಲಿ ಒಂದೇ ಒತ್ತಿಗೆ ಹೊರಹೋಗುವ ಸೌಕರ್ಯ ಇರಬೇಕು, ಹೊರಹೋಗುತ್ತೇನೆ ಅಂದವರನ್ನು ಎರಡು ದಿನದೊಳಗೆ ಬಿಟ್ಟುಬಿಡಬೇಕು. ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು, 0.1ರ ಒಳಗಿದ್ದರೆ ಕ್ಷೇಮ. 2025ರ ಮೇ ತಿಂಗಳಿನಿಂದ ಮೈಕ್ರೋಸಾಫ್ಟ್ ಕೂಡ ತನ್ನ ಔಟ್‌ಲುಕ್, ಹಾಟ್‌ಮೇಲ್ ಖಾತೆಗಳಿಗೆ ಕಳಿಸುವವರಿಂದ ದೃಢೀಕರಣದ ವಿಷಯದಲ್ಲಿ ಹೆಚ್ಚುಕಮ್ಮಿ ಇದನ್ನೇ ಕೇಳುತ್ತಿದೆ.

ನಿಮ್ಮ ಲೆಕ್ಕ ಹಾಕಿ ನೋಡಿ. 14,000 ವಿಳಾಸದಲ್ಲಿ 10,000 ಜಿಮೇಲ್ ಎಂದಿಟ್ಟುಕೊಳ್ಳಿ. ಯುಗಾದಿ ಹೊತ್ತಿಗೆ ‘ಹೊಸ ಮಿಡಿ ಬಂತು’ ಎಂದು ಎಲ್ಲರಿಗೂ ಒಂದೇ ದಿನ ಕಳಿಸಿದರೆ ನೀವು ಗೂಗಲ್ ಕಣ್ಣಿಗೆ ಸಗಟು ಕಳುಹಿಸುವವರು. ಒಮ್ಮೆ ಆ ಗೆರೆ ದಾಟಿದರೆ ಸಾಕು, ಆ ಹಣೆಪಟ್ಟಿ ಕಾಯಂ. ಮರುದಿನದಿಂದ ಐವತ್ತೇ ಈಮೇಲ್ ಕಳಿಸಿದರೂ ಆ ಪಟ್ಟಿ ಕಳಚುವುದಿಲ್ಲ. ಆ ಹತ್ತು ಸಾವಿರದಲ್ಲಿ ಹತ್ತು ಜನ ಸ್ಪ್ಯಾಮ್ ಅಂತ ಒತ್ತಿದರೆ ಶೇ. 0.1, ಮೂವತ್ತು ಜನ ಒತ್ತಿದರೆ 0.3. ಮೂವತ್ತು ಎಂದರೆ ಒಂದು ಮಿನಿಬಸ್ಸಿನಷ್ಟು ಜನ. ಅನ್‌ಸಬ್‌ಸ್ಕ್ರೈಬ್ ಗುಂಡಿಯನ್ನು ತಳದಲ್ಲಿ, ಬಿಳಿ ಮೇಲೆ ತೆಳು ಬೂದು ಬಣ್ಣದಲ್ಲಿ ಬಚ್ಚಿಡುವ ಹಳೇ ಚಾಳಿ ಇದೆಯಲ್ಲ, ಈಗ ಅದು ನಿಮ್ಮ ಕಾಲಿಗೇ ಕೊಡಲಿ. ಬಾಗಿಲು ಸಿಗದವನು ಸ್ಪ್ಯಾಮ್ ಗುಂಡಿ ಒತ್ತಿಯೇ ಹೊರಗೆ ಹೋಗುತ್ತಾನೆ.

ಎಲ್ಲಕ್ಕಿಂತ ದೊಡ್ಡ ತೊಡಕು ನಿಮ್ಮ ಜಿಮೇಲ್ ವಿಳಾಸ. ನೀವು ಬಳಸುವ ಸಾಫ್ಟ್‌ವೇರ್‌ನ ಸರ್ವರಿನಿಂದ ಹೊರಟು ಜಿಮೇಲ್ ಹೆಸರು ಹೊತ್ತು ಬರುವ ಪತ್ರವನ್ನು ಗೂಗಲ್ ವೇಷ ಹಾಕಿಕೊಂಡು ಬಂದದ್ದೆಂದೇ ಎಣಿಸುತ್ತದೆ. ಎಷ್ಟೋ ಸಾಫ್ಟ್‌ವೇರ್‌ಗಳು ನಿಮ್ಮ ಪರವಾಗಿ ತಮ್ಮದೇ ಒಂದು ವಿಳಾಸ ಅಂಟಿಸಿ ಇಷ್ಟು ದಿನ ನಿಭಾಯಿಸಿವೆ. ‘ಕಡ್ಡಾಯ’ ಎಂಬ ಆ ಸಾಲಿನ ಅರ್ಥ ಇನ್ನು ನಿಭಾಯಿಸುವುದಿಲ್ಲ ಎಂದು. ನಿಮ್ಮ ವೆಬ್‌ಸೈಟಿಗೆ ಡೊಮೈನ್ ಇದ್ದೇ ಇದೆ. ಅದನ್ನು ನೋಡಿಕೊಳ್ಳುವವರಿಗೆ ಸಾಫ್ಟ್‌ವೇರ್ ತೋರಿಸುವ ದಾಖಲೆಗಳನ್ನು ಕೊಟ್ಟು ಹಾಕಿಸಿ, ಅರ್ಧ ಗಂಟೆಯ ಕೆಲಸ. ಹೊಸ ವಿಳಾಸದಿಂದ ಮೊದಲ ದಿನವೇ ಹದಿನಾಲ್ಕು ಸಾವಿರ ಮಂದಿಗೆ ಕಳಿಸಬೇಡಿ. ಕಳೆದ ಆರು ತಿಂಗಳಲ್ಲಿ ಕೊಂಡವರು ಕೆಲವು ನೂರು ಜನ ಇರುತ್ತಾರೆ, ಅವರಿಂದ ತೊಡಗಿ ಎರಡು ಮೂರು ವಾರದಲ್ಲಿ ಹಿಗ್ಗಿಸುತ್ತಾ ಹೋಗಿ. ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್ ಎಂಬ ಸೇವೆ ಉಚಿತ. ದೂರು ಎಷ್ಟಿದೆ ಎಂಬುದು ಅಲ್ಲಿ ಕಾಣುತ್ತದೆ. ಸಾಫ್ಟ್‌ವೇರ್‌ನ ಡ್ಯಾಶ್‌ಬೋರ್ಡ್ ಜಿಮೇಲ್‌ನ ದೂರುಗಳನ್ನು ತೋರಿಸುವುದಿಲ್ಲ.

ಇನ್ನು ನಿಮ್ಮ ಶೇ. 41.

ಅದು ಜನ ತೆರೆದು ಓದಿದ ಲೆಕ್ಕವಲ್ಲ. ಈಮೇಲ್ ತೆರೆದರೋ ಇಲ್ಲವೋ ಎಂದು ತಿಳಿಯಲು ಪತ್ರದೊಳಗೆ ಕಣ್ಣಿಗೆ ಕಾಣದ ಚುಕ್ಕೆಯಂಥ ಒಂದು ಚಿತ್ರ ಇಟ್ಟಿರುತ್ತಾರೆ. ಆ ಚಿತ್ರವನ್ನು ಫೋನು ತರಿಸಿಕೊಂಡರೆ ಒಂದು ಓಪನ್. 2021ರ ಸೆಪ್ಟೆಂಬರ್‌ನಲ್ಲಿ ಐಒಎಸ್ 15ರೊಂದಿಗೆ ಆ್ಯಪಲ್ ಇದಕ್ಕೆ ಕಲ್ಲು ಹಾಕಿತು. ಐಫೋನಿನ ಮೇಲ್ ಆ್ಯಪ್‌ನಲ್ಲಿ ಗೌಪ್ಯತೆಯ ರಕ್ಷಣೆ ಆನ್ ಇದ್ದರೆ, ಒಡೆಯ ಪತ್ರ ನೋಡಲಿ ಬಿಡಲಿ, ಆ್ಯಪಲ್‌ನ ಸರ್ವರುಗಳು ಚಿತ್ರಗಳನ್ನು ಮೊದಲೇ ತರಿಸಿಟ್ಟುಬಿಡುತ್ತವೆ. ನಿಮ್ಮ ಗ್ರಾಹಕ ಬೆಳಗಿನ ಜಾವ ಗೊರಕೆ ಹೊಡೆಯುತ್ತಿರುತ್ತಾನೆ, ಇತ್ತ ನಿಮ್ಮ ಡ್ಯಾಶ್‌ಬೋರ್ಡ್ ಆತ ಉಪ್ಪಿನಕಾಯಿ ಪತ್ರ ಓದುತ್ತಿದ್ದಾನೆ ಎನ್ನುತ್ತಿರುತ್ತದೆ. ಒಂದು ಸಣ್ಣ ಮಾತು: ಇದು ಆ್ಯಪಲ್‌ನ ಮೇಲ್ ಆ್ಯಪ್‌ಗೆ ಮಾತ್ರ. ಐಫೋನಿನಲ್ಲೇ ಜಿಮೇಲ್ ಆ್ಯಪ್ ಬಳಸುವವರಿಗೆ ಇದು ತಟ್ಟುವುದಿಲ್ಲ.

ಹಾಗಾದರೆ ಅಪ್‌ಡೇಟ್ ಆದ ಮೇಲೇ ಯಾಕೆ ಏರಿತು? ಯಂತ್ರದ ಓಪನ್‌ಗಳನ್ನು ಲೆಕ್ಕಕ್ಕೆ ಸೇರಿಸಬೇಕೋ ಬಿಡಬೇಕೋ ಎಂಬ ಆಯ್ಕೆ ಹಲವು ಸಾಫ್ಟ್‌ವೇರ್‌ಗಳಲ್ಲಿದೆ. ಹೊಸ ವರದಿಯ ಪುಟ ಬಂದಾಗ ಆ ಆಯ್ಕೆ ಮೊದಲಿನ ಸ್ಥಿತಿಗೆ ಜಾರುವುದುಂಟು. ಸೆಟ್ಟಿಂಗ್ಸ್‌ನಲ್ಲಿ ವರದಿಯ ಭಾಗ ಹುಡುಕಿ, ಆ್ಯಪಲ್ ಅಥವಾ ಪ್ರೈವಸಿ ಎಂಬ ಪದ ಇರುವ ಟಿಕ್ ಸಿಗುತ್ತದೆ. ನನ್ನ ಊಹೆಯಂತೆ ಅದನ್ನು ಬದಲಿಸಿದ ಕೂಡಲೇ 41 ಮತ್ತೆ ಇಪ್ಪತ್ತರ ಆಸುಪಾಸಿಗೆ ಇಳಿಯುತ್ತದೆ. ಮಗನಿಗೆ ಬೇಜಾರಾಗಬಹುದು.

ಕ್ಲಿಕ್ ಲೆಕ್ಕವನ್ನಾದರೂ ನಂಬಬಹುದೇ? ಮುಕ್ಕಾಲು ಪಾಲು. ಬೆಂಗಳೂರಿನ ಗ್ರಾಹಕರಲ್ಲಿ ಆಫೀಸಿನ ಈಮೇಲ್ ಕೊಟ್ಟವರು ಇದ್ದೇ ಇರುತ್ತಾರೆ. ಕಂಪನಿಗಳ ಸುರಕ್ಷತಾ ಸಾಫ್ಟ್‌ವೇರ್ ಒಳಬರುವ ಪತ್ರದ ಲಿಂಕುಗಳನ್ನೆಲ್ಲ ತಾನೇ ಒತ್ತಿ ಪರೀಕ್ಷಿಸುತ್ತದೆ. ಪತ್ರ ತಲುಪಿದ ಕೆಲವೇ ಸೆಕೆಂಡಿನಲ್ಲಿ ಎಲ್ಲ ಲಿಂಕೂ ಒತ್ತಿದ ಗ್ರಾಹಕರು ಕಂಡರೆ ಅವರು ಮನುಷ್ಯರಲ್ಲ. ‘ಬಾಟ್ ಕ್ಲಿಕ್ ಸೋಸುವಿಕೆ’ ಎಂಬ ಅಪ್‌ಡೇಟ್ ಬಂದಿದ್ದರೆ ಅದನ್ನು ಕಣ್ಣು ಮುಚ್ಚಿ ಆನ್ ಮಾಡಿ. ನಿಮ್ಮ ಪಟ್ಟಿಯ ಹನ್ನೊಂದನೇ ಸಾಲು ಅದೇ.

ಓಪನ್ ಬಗ್ಗೆ ಇಷ್ಟು ಕೊರೆದದ್ದಕ್ಕೆ ಕಾರಣವಿದೆ. ಯಾವುದೇ ಹೊಸ ಸೌಲಭ್ಯ ಬಂದಾಗ ನಾನು ಕೇಳುವ ಪ್ರಶ್ನೆ ಒಂದೇ: ಇದು ಏನು ತಿಂದು ಬದುಕುತ್ತದೆ? ಉಪ್ಪೇ ಸರಿಯಿಲ್ಲದಿದ್ದರೆ ಎಂಥಾ ಮಿಡಿ ಹಾಕಿದರೂ ಭರಣಿಯಲ್ಲಿ ಕೊಳೆಯುತ್ತದೆ, ಅದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಈಗ ‘ಪ್ರತಿಯೊಬ್ಬರಿಗೂ ತಕ್ಕ ಸಮಯ’ ಎಂಬುದನ್ನು ನೋಡಿ. ಗ್ರಾಹಕ ಹಿಂದೆ ಯಾವ ಹೊತ್ತಿಗೆ ಪತ್ರ ತೆರೆದ ಎಂಬ ಚರಿತ್ರೆಯೇ ಅದರ ಆಹಾರ. ಆ ಚರಿತ್ರೆಯಲ್ಲಿ ಐಫೋನಿನವರ ಪಾಲು ಆ್ಯಪಲ್ ಸರ್ವರಿನ ದಿನಚರಿ. ಓಪನ್ ಬಿಟ್ಟು ಕ್ಲಿಕ್ ಮತ್ತು ಖರೀದಿಯಿಂದ ಕಲಿಯುವ ಹಾಗೆ ಕೆಲವು ಕಂಪನಿಗಳು ಇದನ್ನು ತಿದ್ದಿವೆ. ನಿಮ್ಮದು ಯಾವುದರಿಂದ ಕಲಿಯುತ್ತದೆ ಎಂದು ಅವರ ಸಹಾಯವಾಣಿಗೆ ಬರೆದು ಕೇಳಿ. ನೇರ ಉತ್ತರ ಬರದಿದ್ದರೆ ಓಪನ್‌ನಿಂದಲೇ ಎಂದು ತಿಳಿಯಿರಿ.

ಇದರಲ್ಲಿ ನಿಮಗೇ ಆಗುವ ಇನ್ನೊಂದು ಪೇಚಿದೆ. ಈ ಸೌಲಭ್ಯ ಆನ್ ಇದ್ದರೆ ಒಂದು ಪ್ರಚಾರ ಪೂರ್ತಿ ಹೋಗಿ ಮುಗಿಯಲು ಇಪ್ಪತ್ನಾಲ್ಕು ಗಂಟೆ ಹಿಡಿಯಬಹುದು. ಮೊದಲ ಹದದಲ್ಲಿ ಇನ್ನೂರೇ ಜಾಡಿ ಇವೆ ಎಂದು ಬೆಳಿಗ್ಗೆ ಎಂಟಕ್ಕೆ ಬಿಟ್ಟ ಪತ್ರ, ಮಧ್ಯಾಹ್ನಕ್ಕೆ ಜಾಡಿ ಖಾಲಿಯಾದ ಮೇಲೂ ರಾತ್ರಿ ಹತ್ತಕ್ಕೆ ಯಾರದೋ ಫೋನಿಗೆ ಹೋಗಿ ಬೀಳುತ್ತದೆ. ಆಮೇಲೆ ಬೈಗುಳ ತಿನ್ನುವವರು ನೀವು. ಹಾಗಾಗಿ ಮಿಡಿಗೆ ಬೇಡ. ಹಪ್ಪಳ, ಬೆಲ್ಲದಂಥ ವರ್ಷವಿಡೀ ಇರುವ ಸರಕಿಗೆ ಬೇಕಾದರೆ ಪ್ರಯೋಗ ಮಾಡಿ: ಪಟ್ಟಿಯನ್ನು ಅರ್ಧರ್ಧ ಮಾಡಿ, ಏಳು ಸಾವಿರಕ್ಕೆ ನಿಮ್ಮ ಮಾಮೂಲಿ ಸಮಯ, ಏಳು ಸಾವಿರಕ್ಕೆ ಯಂತ್ರದ ಸಮಯ. ಓಪನ್ ನೋಡಬೇಡಿ, ಆರ್ಡರ್ ಎಣಿಸಿ. ಒಂದು ಕಡೆ 52, ಇನ್ನೊಂದು ಕಡೆ 58 ಬಂದರೆ ಅದು ವ್ಯತ್ಯಾಸವೇ ಅಲ್ಲ, ನಾಣ್ಯ ಚಿಮ್ಮಿದರೂ ಅಷ್ಟು ಹೆಚ್ಚುಕಮ್ಮಿ ಬರುತ್ತದೆ. ನಾಲ್ಕೈದು ಸಲ ಒಂದೇ ಕಡೆ ವಾಲಿದರೆ ಆಗ ನಂಬಿ.

ಇದರ ತಂಗಿಯಂಥ ಒಂದು ಸೌಲಭ್ಯ ಇದೆ, ‘ಅವರ ಊರಿನ ಸಮಯಕ್ಕೆ ಕಳಿಸು’ ಎಂದು. ಅದರಲ್ಲಿ ಊಹೆ ಇಲ್ಲ, ಗಡಿಯಾರ ಅಷ್ಟೇ. ಅಮೆರಿಕದ ಈಮೇಲ್‌ಗಳಿಗೆ ಅದನ್ನು ಇವತ್ತೇ ಆನ್ ಮಾಡಿ.

ಕೊಳ್ಳುವವರ ಊಹೆಯ ಮೇಲೆ ಮಗನಿಗೆ ಬಹಳ ಆಸೆ ಇರಬಹುದು, ಕೇಳಲು ಅದೇ ಹೆಚ್ಚು ಚಂದ. ನನಗೆ ಹೆಚ್ಚು ಭಯ ಇರುವುದೂ ಅದರ ಮೇಲೇ. ಈ ಮಾದರಿಗಳು ಸಾಮಾನ್ಯವಾಗಿ ಮೂವತ್ತು, ಅರವತ್ತು, ತೊಂಬತ್ತು ದಿನದ ಕಿಟಕಿಯಲ್ಲಿ ನೋಡುತ್ತವೆ. ಶ್ಯಾಂಪು, ಕಾಫಿಪುಡಿ, ನಾಯಿಯ ಆಹಾರ ಮಾರುವವರಿಗೆ ಇದು ಹೊಂದುತ್ತದೆ, ತಿಂಗಳಿಗೊಮ್ಮೆ ಕೊಳ್ಳುವ ಗ್ರಾಹಕ ಮೂರು ತಿಂಗಳು ಬಾರದಿದ್ದರೆ ಹೋದನೆಂದೇ ಅರ್ಥ. ನಿಮ್ಮ ಮಿಡಿ ಗ್ರಾಹಕ ಏಪ್ರಿಲ್‌ನಲ್ಲಿ ಎರಡು ಕಿಲೋ ಕೊಂಡು ವರ್ಷವಿಡೀ ಮೊಸರನ್ನಕ್ಕೆ ನಂಚಿಕೊಂಡು ಮುಂದಿನ ಏಪ್ರಿಲ್‌ಗೆ ಬರುವವನು. ಐದು ವರ್ಷದಿಂದ ತಪ್ಪದೆ ಬರುವ ಅವನನ್ನು ಯಂತ್ರ ಪ್ರತಿ ಆಗಸ್ಟ್‌ನಲ್ಲೂ ‘ಕೈತಪ್ಪಿದ ಗ್ರಾಹಕ’ ಎಂದು ಗುರುತಿಸುತ್ತದೆ, ಹೊಸ ಜರ್ನಿ ಬಿಲ್ಡರ್ ತಕ್ಷಣ ಅವನಿಗೆ ಶೇ. 15 ರಿಯಾಯಿತಿ ಕಳಿಸುತ್ತದೆ. ಹೇಗಿದ್ದರೂ ಬರುವವನಿಗೆ ಕೈಯಾರೆ ಹಣ ಕೊಟ್ಟ ಹಾಗೆ. ಅದಕ್ಕಿಂತ ಕೆಟ್ಟದ್ದು, ಎರಡು ವರ್ಷದಲ್ಲಿ ಆತ ಆಗಸ್ಟ್‌ವರೆಗೆ ಕಾಯುವುದನ್ನು ಕಲಿಯುತ್ತಾನೆ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಿಮಗೆ ಬೇಕಾದ ಊಹೆ ನಿಮ್ಮ ಕೈಯಲ್ಲೇ ಇದೆ, ಅದಕ್ಕೆ ದೊಡ್ಡ ಪ್ಲಾನ್ ಬೇಕಿಲ್ಲ. ಹಳೇ ಬಿಲ್ಡರಿನಲ್ಲೂ ಆಗುವ ಒಂದು ಪಟ್ಟಿ ಮಾಡಿ: ಕಳೆದ ವರ್ಷ ಮಾರ್ಚ್‌ನಿಂದ ಜೂನ್‌ವರೆಗೆ ಮಿಡಿ ಕೊಂಡವರು, ಈ ವರ್ಷ ಮಾರ್ಚ್‌ನಿಂದ ಈಚೆ ಕೊಳ್ಳದವರು. ಮೇ ಮೊದಲ ವಾರದಲ್ಲಿ ಆ ಪಟ್ಟಿಯಲ್ಲಿ ಉಳಿದವರೇ ನಿಮ್ಮ ನಿಜವಾದ ಕೈತಪ್ಪುವ ಗ್ರಾಹಕರು. ಅವರಿಗೆ ರಿಯಾಯಿತಿಯೂ ಬೇಡ, ‘ಕಳೆದ ಸಲದ್ದು ಮುಗಿಯಿತೇ, ಈ ಸಲದ್ದು ಇಷ್ಟೇ ಉಳಿದಿದೆ’ ಎಂಬ ಎರಡು ಸಾಲು ಸಾಕು. ಕಡೆಯ ಖರೀದಿ ಯಾವಾಗ, ಎಷ್ಟು ಸಲ, ಎಷ್ಟು ಹಣ ಎಂಬ ಮೂರು ಅಂಕಣದ ಲೆಕ್ಕ, ಅಂಚೆಯಲ್ಲಿ ಕ್ಯಾಟಲಾಗ್ ಕಳಿಸುತ್ತಿದ್ದ ಕಾಲದ್ದು. ಸಣ್ಣ ವ್ಯಾಪಾರಕ್ಕೆ ಅದನ್ನು ಮೀರಿದ ಮಾದರಿ ನಾನಿನ್ನೂ ಕಂಡಿಲ್ಲ. ಹಪ್ಪಳ, ಬೆಲ್ಲದ ಮಾರಾಟ ಬೆಳೆದು ತಿಂಗಳು ತಿಂಗಳು ಕೊಳ್ಳುವವರು ಒಂದೆರಡು ಸಾವಿರ ಆದ ದಿನ ಯಂತ್ರದ ಊಹೆಯನ್ನು ಮತ್ತೆ ನೋಡೋಣ.

ಎಐ ಬರವಣಿಗೆಯನ್ನು ನಾನು ಬೇಡ ಅನ್ನುವುದಿಲ್ಲ, ಎಲ್ಲಿ ಬಿಡಬೇಕು ಎಂದಷ್ಟೇ ಹೇಳುತ್ತೇನೆ. ಅಮೆರಿಕದವರಿಗೆ ಇಂಗ್ಲಿಷಿನಲ್ಲಿ ಉತ್ಪನ್ನ ವಿವರಣೆ, ಒಂದು ಪತ್ರಕ್ಕೆ ಆರು ಬಗೆಯ ತಲೆಬರಹ, ಇಂಥದಕ್ಕೆ ಒಳ್ಳೆಯ ಗುಮಾಸ್ತ. ಕನ್ನಡಕ್ಕೆ ಬಂದರೆ ಅದು ‘ನಮ್ಮ ರುಚಿಕರವಾದ ಉಪ್ಪಿನಕಾಯಿಯೊಂದಿಗೆ ನಿಮ್ಮ ಊಟದ ಅನುಭವವನ್ನು ಹೆಚ್ಚಿಸಿಕೊಳ್ಳಿ’ ಎಂದು ಬರೆಯುತ್ತದೆ. ನೀವು ನನಗೆ ಬರೆದ ಪತ್ರದಲ್ಲೇ ಒಂದು ಕಡೆ ‘ಈ ಸಲ ಸೊನೆ ಪರಿಮಳ ಜೋರು’ ಎಂದಿದ್ದೀರಿ. ಅದೇ ತಲೆಬರಹ. ಮಲ್ಲೇಶ್ವರದಲ್ಲಿ ಕೂತ ಸಾಗರದ ಮಗಳು ಅದನ್ನು ನೋಡಿ ತೆರೆಯುತ್ತಾಳೆ.

ಎಐಗೆ ಸುತರಾಂ ಬಿಡಬಾರದ ಜಾಗ ಎರಡಿವೆ. ಒಂದು ಎಸ್‌ಎಂಎಸ್. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮದಡಿ ನಿಮ್ಮ ಹೆಡರೂ (ಕಳಿಸಿದವರ ಹೆಸರಾಗಿ ಕಾಣುವ ಗುರುತು), ಪ್ರತಿ ಸಂದೇಶದ ಒಕ್ಕಣೆಯೂ ಮೊಬೈಲ್ ಕಂಪನಿಗಳ ಡಿಎಲ್‌ಟಿ ಎಂಬ ಪೋರ್ಟಲಿನಲ್ಲಿ ನೋಂದಣಿಯಾಗಿರಬೇಕು. 2024ರ ಅಕ್ಟೋಬರ್ 1ರಿಂದ ಅದರೊಳಗಿನ ಲಿಂಕು ಕೂಡ. ಎಐ ‘ಹೊರಟಿದೆ’ ಎಂಬುದನ್ನು ‘ರವಾನೆಯಾಗಿದೆ’ ಎಂದು ಚಂದ ಮಾಡಿದರೆ ಸಾಕು, ಒಕ್ಕಣೆ ಹೊಂದದೆ ಮೊಬೈಲ್ ಕಂಪನಿ ಅದನ್ನು ದಾರಿಯಲ್ಲೇ ಎಸೆಯುತ್ತದೆ. ಕನ್ನಡದ ಎಸ್‌ಎಂಎಸ್‌ಗೆ ಜಾಗವೂ ಕಿರಿದು: ಇಂಗ್ಲಿಷಿಗೆ 160 ಅಕ್ಷರ ಸಿಗುವಲ್ಲಿ ಕನ್ನಡಕ್ಕೆ 70. ಅದೂ ಕಣ್ಣಿಗೆ ಒಂದಾಗಿ ಕಾಣುವ ‘ಮ್ಮ’ ಲೆಕ್ಕದಲ್ಲಿ ಮೂರು. ‘ನಿಮ್ಮ ಉಪ್ಪಿನಕಾಯಿ ಪಾರ್ಸೆಲ್ ಹೊರಟಿದೆ’ ಎಂಬಷ್ಟಕ್ಕೇ 33 ಮುಗಿಯಿತು. ಎಪ್ಪತ್ತು ದಾಟಿದರೆ ಎರಡು ಎಸ್‌ಎಂಎಸ್‌ನ ಹಣ.

ಇನ್ನೊಂದು ವಾಟ್ಸ್‌ಆ್ಯಪ್ ಟೆಂಪ್ಲೇಟ್, ಅಂದರೆ ಮೊದಲೇ ಒಪ್ಪಿಗೆ ಪಡೆದಿಟ್ಟ ಸಿದ್ಧ ಸಂದೇಶ. ‘ನಿಮ್ಮ ಆರ್ಡರ್ ಹೊರಟಿದೆ’ ಎಂಬುದು ಯುಟಿಲಿಟಿ ವರ್ಗ (ಬರೀ ವ್ಯವಹಾರದ ಮಾಹಿತಿ), ಅಗ್ಗ. ಅದರ ಬಾಲಕ್ಕೆ ‘ಮುಂದಿನ ಖರೀದಿಗೆ 10% ರಿಯಾಯಿತಿ’ ಸೇರಿದ ಕೂಡಲೇ ಅದು ಮಾರ್ಕೆಟಿಂಗ್ ವರ್ಗ, ನಮ್ಮ ದೇಶದಲ್ಲಿ ಅದರ ದರ ಹಲವು ಪಟ್ಟು. ವರ್ಗ ನಿರ್ಧರಿಸುವುದು ವಾಟ್ಸ್‌ಆ್ಯಪ್‌ನ ಒಡೆಯ ಕಂಪನಿ ಮೆಟಾ, ನೀವಲ್ಲ. ಸಾಫ್ಟ್‌ವೇರ್‌ನ ಎಐಗೆ ಪ್ರತಿ ಸಂದೇಶಕ್ಕೂ ಒಂದು ಆಸೆ ಅಂಟಿಸುವ ಚಟ ಇದೆ, ಬಿಲ್ಲು ಬಂದಾಗಲೇ ಗೊತ್ತಾಗುವುದು.

ವಾಟ್ಸ್‌ಆ್ಯಪ್ ವಿಷಯಕ್ಕೆ ಬಂದೆವಲ್ಲ, ಅಮೆರಿಕದ ತೊಂದರೆ ನಿಮ್ಮದೂ ಅಲ್ಲ, ನಿಮ್ಮ ಸಾಫ್ಟ್‌ವೇರ್‌ದೂ ಅಲ್ಲ. 2025ರ ಏಪ್ರಿಲ್ 1ರಿಂದ ಅಮೆರಿಕದ ನಂಬರುಗಳಿಗೆ ಮಾರ್ಕೆಟಿಂಗ್ ಟೆಂಪ್ಲೇಟ್ ತಲುಪಿಸುವುದನ್ನೇ ಮೆಟಾ ನಿಲ್ಲಿಸಿತು. ವಿಫಲವಾದ ಸಂದೇಶದ ವಿವರ ತೆಗೆದು ನೋಡಿ, 131049 ಎಂಬ ಸಂಖ್ಯೆ ಕಂಡರೆ ಇದೇ ಕಾರಣ. ಅದೇ ಸಂಖ್ಯೆ ಬೆಂಗಳೂರಿನ ಕೆಲವು ನಂಬರುಗಳಿಗೂ ಬರಬಹುದು. ಒಬ್ಬ ವ್ಯಕ್ತಿಗೆ ಎಲ್ಲ ವ್ಯಾಪಾರಗಳೂ ಸೇರಿ ಇಷ್ಟೇ ಪ್ರಚಾರ ಕಳಿಸಬಹುದು ಎಂಬ ಮಿತಿಯೂ ಇದೆ, ಬ್ಯಾಂಕು, ಬಟ್ಟೆಯಂಗಡಿಗಳ ನಡುವೆ ನಿಮ್ಮ ಸರದಿ ಬರಲಿಲ್ಲ ಎಂದರ್ಥ. ಮತ್ತೆ ಮತ್ತೆ ಕಳಿಸಿ ಪ್ರಯೋಜನವಿಲ್ಲ. ಅಮೆರಿಕದವರಿಗೆ ಈಮೇಲೇ ದಾರಿ, ಆರ್ಡರ್ ಮಾಹಿತಿಗೆ ಮಾತ್ರ ವಾಟ್ಸ್‌ಆ್ಯಪ್ ಸಾಕು. ಮಗ ಬಹುಶಃ +1ರಿಂದ ಶುರುವಾಗುವ ನಂಬರನ್ನೆಲ್ಲ ಪ್ರಚಾರದಿಂದ ತೆಗೆದುಬಿಡೋಣ ಎನ್ನುತ್ತಾನೆ. ತಡೆಯಿರಿ. ಕೆನಡಾದ್ದೂ +1, ಅಲ್ಲಿಗೆ ಈ ನಿಷೇಧ ಇಲ್ಲ. ಆಮೇಲಿನ ಮೂರು ಅಂಕಿ ನೋಡಿ ಬೇರ್ಪಡಿಸಬೇಕು: ಟೊರಾಂಟೊದ 416, 647, ವ್ಯಾಂಕೂವರ್‌ನ 604 ಹೀಗೆ.

ದರದ ಬದಲಾವಣೆಯೊಂದು ನಿಮ್ಮ ಹಳೆಯ ಆಟೊಮೇಷನ್ನಿಗೆ ನೇರ ತಟ್ಟುತ್ತದೆ. ಮೊದಲು ಮೆಟಾ ಇಪ್ಪತ್ನಾಲ್ಕು ಗಂಟೆಯ ಮಾತುಕತೆಗೆ ಒಂದು ದರ ಹಾಕುತ್ತಿತ್ತು. ಆ ಅವಧಿಯಲ್ಲಿ ಒಂದೇ ವರ್ಗದ ಮೂರು ಸಂದೇಶ ಹೋದರೂ ಒಂದೇ ಶುಲ್ಕ. 2025ರ ಜುಲೈ 1ರಿಂದ ಪ್ರತಿ ಟೆಂಪ್ಲೇಟಿಗೂ ಬೇರೆ ಬೇರೆ ಶುಲ್ಕ. ಬೆಳಿಗ್ಗೆ ‘ಬಂತು’, ಮಧ್ಯಾಹ್ನ ‘ಅರ್ಧ ಖಾಲಿ’, ಸಂಜೆ ‘ಕೊನೆಯ ಅವಕಾಶ’ ಎಂದು ಕಳಿಸುವ ಸರಪಳಿ ನಿಮ್ಮಲ್ಲಿದ್ದರೆ ಅದೀಗ ಮೂರರಷ್ಟು ದುಬಾರಿ. ಒಂದಕ್ಕೆ ಇಳಿಸಿ. ಲಾಭದ ಕಡೆಯೂ ಒಂದಿದೆ: ಗ್ರಾಹಕರೇ ಮೊದಲು ಬರೆದರೆ ಇಪ್ಪತ್ನಾಲ್ಕು ಗಂಟೆಯ ಕಿಟಕಿ ತೆರೆಯುತ್ತದೆ, ಅದರೊಳಗೆ ನಿಮ್ಮ ಉತ್ತರವೂ ಯುಟಿಲಿಟಿ ಟೆಂಪ್ಲೇಟೂ ಪುಕ್ಕಟೆ. ಜಾಡಿಯ ಮುಚ್ಚಳದ ಮೇಲೆ ಒಂದು ಕ್ಯೂಆರ್ ಹಾಕಿ, ‘ಖಾಲಿಯಾದರೆ ಇಲ್ಲಿಗೆ ಬರೆಯಿರಿ’ ಎಂದು. ಯಾವ ಅಪ್‌ಡೇಟ್‌ಗಿಂತಲೂ ಇದು ಹೆಚ್ಚು ದುಡಿಯುತ್ತದೆ.

ಹೊಸ ಜರ್ನಿ ಬಿಲ್ಡರ್‌ಗೆ ಹೋಗುವುದು ಬೇಕೋ ಬೇಡವೋ ಎಂಬ ಪ್ರಶ್ನೆಯೇ ಇಲ್ಲ. ಹಳೆಯದನ್ನು ಮುಚ್ಚುತ್ತೇವೆಂದು ಸಾಫ್ಟ್‌ವೇರ್ ಕಂಪನಿಯವರು ತಾರೀಕು ಕೊಟ್ಟಿದ್ದಾರೆ. ಉಳಿದಿರುವುದು ಯಾವಾಗ, ಹೇಗೆ ಎಂಬುದು. ಇಲ್ಲಿ ನನ್ನದೇ ಒಂದು ಪೆಟ್ಟಿನ ಕಥೆ ಹೇಳಬೇಕು. ಕೆಲವು ವರ್ಷದ ಹಿಂದೆ ಬೆಂಗಳೂರಿನ ಒಂದು ಬಟ್ಟೆ ವ್ಯಾಪಾರದವರ ಆಟೊಮೇಷನ್ನನ್ನು ಹೊಸ ಬಿಲ್ಡರಿಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಸ್ವಾಗತ ಪತ್ರದ ಜರ್ನಿಗೆ ‘ಪಟ್ಟಿಗೆ ಸೇರಿದಾಗ’ ಎಂಬ ಷರತ್ತು ಇತ್ತು. ಅದನ್ನು ಆನ್ ಮಾಡಿ, ಮರುದಿನ ಹಳೇ ಗ್ರಾಹಕರ ಪಟ್ಟಿಯನ್ನು ತಂದು ತುಂಬಿದೆ. ಯಂತ್ರದ ದೃಷ್ಟಿಯಲ್ಲಿ ಅವರೆಲ್ಲ ಆ ಕ್ಷಣ ‘ಪಟ್ಟಿಗೆ ಸೇರಿದವರು’. ಹತ್ತು ವರ್ಷದಿಂದ ಸೀರೆ ಕೊಳ್ಳುತ್ತಿದ್ದವರಿಗೆಲ್ಲ ಮಧ್ಯರಾತ್ರಿ ಕಳೆದು ‘ನಮ್ಮ ಕುಟುಂಬಕ್ಕೆ ಸ್ವಾಗತ, ಮೊದಲ ಖರೀದಿಗೆ 20% ರಿಯಾಯಿತಿ’ ಹೋಯಿತು. ಬೆಳಗಾಗುವಷ್ಟರಲ್ಲಿ ಕೂಪನ್ ಬಳಸಿದವರೂ ಇದ್ದರು. ಮಾಲೀಕರು ಆ ಕೂಪನ್‌ಗಳನ್ನು ಮನ್ನಿಸಿದರು, ನನ್ನ ಬಿಲ್ಲಿನಲ್ಲಿ ಅದನ್ನು ಮುರಿದುಕೊಂಡರು. ನ್ಯಾಯವೇ.

ಆದ್ದರಿಂದ: ಒಮ್ಮೆಗೆ ಒಂದೇ ಜರ್ನಿ ಸಾಗಿಸಿ, ಮೊದಲು ತೀರಾ ಸಪ್ಪೆಯಾದದ್ದನ್ನು. ‘ಇನ್ನು ಮುಂದೆ ಬರುವವರಿಗೆ ಮಾತ್ರ’ ಎಂಬ ಆಯ್ಕೆ ಟಿಕ್ ಆಗಿದೆಯೇ ನೋಡಿ. ಒಬ್ಬರೇ ಎರಡನೇ ಸಲ ಒಳಬರಬಹುದೇ ಎಂಬ ನಿಯಮವನ್ನೂ ನೋಡಿ, ಬಿಲ್ಡರ್ ಬದಲಾದಾಗ ಇದು ಹೆಚ್ಚಾಗಿ ತಿರುಗಿಬೀಳುತ್ತದೆ. ಖಾತೆಯ ಸಮಯವಲಯ ಭಾರತದ್ದೇ ಇದೆಯೇ ನೋಡಿ. ಹಳೇ ಜರ್ನಿಯಲ್ಲಿ ಅರ್ಧ ದಾರಿಯಲ್ಲಿರುವವರು ಅಲ್ಲೇ ಮುಗಿಸಲಿ, ಹೊಸಬರ ಪ್ರವೇಶವನ್ನಷ್ಟೇ ಅಲ್ಲಿ ಮುಚ್ಚಿ. ಇಲ್ಲದಿದ್ದರೆ ಒಬ್ಬರಿಗೇ ಎರಡೆರಡು ಪತ್ರ. ನೀವು, ಮಗ, ಮನೆಯ ಇನ್ನಿಬ್ಬರು, ಇಷ್ಟೇ ಇರುವ ಒಂದು ಪಟ್ಟಿಯ ಮೇಲೆ ಮೊದಲು ಓಡಿಸಿ, ನಿಜವಾಗಿ ಒಂದು ಜಾಡಿ ಆರ್ಡರ್ ಮಾಡಿ ನೋಡಿ. ತೆರೆಯ ಮೇಲಿನ ‘ಟೆಸ್ಟ್’ ಗುಂಡಿ ಪತ್ರದ ಚಂದ ತೋರಿಸುತ್ತದೆ, ಷರತ್ತು ಸರಿಯಿದೆಯೇ ಎಂದು ತೋರಿಸುವುದಿಲ್ಲ.

ಇವೆಲ್ಲ ಫೆಬ್ರುವರಿ ನಡುವಿನೊಳಗೆ ಮುಗಿಯಬೇಕು. ಮಿಡಿ ಬರಲು ಶುರುವಾದ ಮೇಲೆ ಜೂನ್ ಮುಗಿಯುವವರೆಗೆ ಸಾಫ್ಟ್‌ವೇರ್‌ನಲ್ಲಿ ಯಾವ ಹೊಸ ಗುಂಡಿಯನ್ನೂ ಮುಟ್ಟಬೇಡಿ. ಅಪ್‌ಡೇಟ್ ಪತ್ರಗಳಲ್ಲಿ ‘ಡಿಫಾಲ್ಟ್ ಆಗಿ ಆನ್’ (ನೀವು ಒತ್ತದೆಯೇ ಆನ್) ಎಂಬ ಮಾತು ಕಂಡರೆ ಅದನ್ನು ಮಾತ್ರ ಅಂದೇ ಹೋಗಿ ನೋಡಿ.

ಸಮ್ಮತಿಯ ದಾಖಲೆ ಬಗ್ಗೆ ಎರಡು ಮಾತು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ವ್ಯಾಪಾರಿಗಳ ಮೇಲಿನ ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಗಡುವು, ಅಂದರೆ 2027ರ ಮೇ. ಯಾವ ಕೆಲಸಕ್ಕೆ ನಂಬರ್ ತೆಗೆದುಕೊಂಡಿರಿ ಎಂದು ಹೇಳಿ ಒಪ್ಪಿಗೆ ಪಡೆಯಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು. ಆ ಸೂಚನೆಯನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲೋ ಓದುವ ಆಯ್ಕೆ ಗ್ರಾಹಕರಿಗೆ ಇರಬೇಕು, ಕನ್ನಡ ಅದರಲ್ಲಿದೆ. ಈ ಅಪ್‌ಡೇಟ್‌ನಲ್ಲಿ ಗ್ರಾಹಕರ ವಿವರಕ್ಕೆ ‘ಸಮ್ಮತಿಯ ಮೂಲ ಮತ್ತು ದಿನಾಂಕ’ ಎಂಬ ಹೊಸ ಅಂಕಣ ಬಂದಿದೆ, ಈಗಿನಿಂದಲೇ ತುಂಬುತ್ತಾ ಹೋಗಿ. ಜಾತ್ರೆ, ಮೇಳಗಳ ಮಳಿಗೆಯಲ್ಲಿ ಪುಸ್ತಕದಲ್ಲಿ ಬರೆಸಿಕೊಂಡ ನಂಬರುಗಳಿದ್ದರೆ ಅವನ್ನು ಬೇರೆಯೇ ಇಡಿ.

ದೊಡ್ಡ ಪ್ಲಾನ್ ಬೇಡ. ಅದರಲ್ಲಿ ಹೆಚ್ಚಿಗೆ ಸಿಗುವುದು ಊಹೆ ಮತ್ತು ಎಐ. ಊಹೆ ಸದ್ಯ ನಿಮಗೆ ಬೇಕಿಲ್ಲ, ಎಐ ಒಂದಕ್ಕೇ ಅಷ್ಟು ಹಣ ಕೊಡಬೇಕಿಲ್ಲ. ಬದಲಿಗೆ ಎರಡು ವರ್ಷದಿಂದ ಕೊಳ್ಳದ, ಯಾವ ಲಿಂಕನ್ನೂ ಒತ್ತದ ವಿಳಾಸಗಳಿಗೆ ಒಮ್ಮೆ ‘ಇನ್ನೂ ಬೇಕೇ?’ ಎಂದು ಕೇಳಿ, ಉತ್ತರ ಬಾರದವರನ್ನು ಪಟ್ಟಿಯಿಂದ ತೆಗೆಯಿರಿ. ಬಿಲ್ಲು ವಿಳಾಸದ ಲೆಕ್ಕದಲ್ಲಿ ಬರುವುದರಿಂದ ಈಗಿನ ಪ್ಲಾನಿನಲ್ಲೇ ಒಂದು ಮೆಟ್ಟಿಲು ಕೆಳಗಿಳಿಯಲೂ ಬಹುದು. ಸ್ಪ್ಯಾಮ್ ದೂರುಗಳೂ ಹೆಚ್ಚಾಗಿ ಬರುವುದು ಅಂಥವರಿಂದಲೇ.

ಹಳೆಯ ಜಿಮೇಲ್ ವಿಳಾಸವನ್ನು ಮಾತ್ರ ಮುಚ್ಚಬೇಡಿ. ಹೊಸ ವಿಳಾಸದಿಂದ ಪತ್ರ ಹೋದರೂ ಹಳೇ ಪತ್ರವೊಂದನ್ನು ಹುಡುಕಿ ತೆಗೆದು, ಅದಕ್ಕೆ ಉತ್ತರವಾಗಿ ‘ಎರಡು ಕಿಲೋ ಮಿಡಿ, ಖಾರ ಕಮ್ಮಿ’ ಎಂದು ಬರೆಯುವವರು ಇನ್ನೂ ಕೆಲವು ವರ್ಷ ಇರುತ್ತಾರೆ. ಅವರ ಆರ್ಡರನ್ನು ಯಾವ ಜರ್ನಿಯೂ ಹಿಡಿಯುವುದಿಲ್ಲ, ದಿನಕ್ಕೊಮ್ಮೆ ನೀವೇ ತೆರೆದು ನೋಡಬೇಕು.